ನೂರು ತಟ್ಟೆ

ಮೂಗೂರಿನ ಶಂಭುಲಿಂಗಪ್ಪನ ಮನೆಯಲ್ಲಿ ರೇಷ್ಮೆ ಹುಳುವಿನ ಯಜಮಾನಿಕೆ ಹೆಂಗಸರದು. ಗಂಡಸರು ಹಿಪ್ಪುನೇರಳೆ ಸೊಪ್ಪು ಕೊಯ್ದು ತಂದು ಬಾಗಿಲಲ್ಲಿ ಹಾಕಿದರೆ ಅವರ ಕೆಲಸ ಮುಗಿಯಿತು. ಒಳಗಿನದೆಲ್ಲ ಅವನ ಹೆಂಡತಿ ಗುರುಸಿದ್ದಮ್ಮನದು. ಅವಳಿಗಿಂತ ಮುಂಚೆ ಅವಳ ಅತ್ತೆಯದು, ಅದಕ್ಕೂ ಮುಂಚೆ ಅತ್ತೆಯ ಅತ್ತೆಯದು. ಬಿತ್ತನೆಯೂ ಅಷ್ಟೇ ಹಳೆಯದು. ಹುಳುವಿನ ಬಿತ್ತನೆಯೆಂದರೆ ರಾಗಿಯ ಹಾಗೆ ಹಗೇವಿನಲ್ಲಿ ತುಂಬಿಟ್ಟು ಬೇಕಾದಾಗ ತೆಗೆಯುವ ವಸ್ತುವಲ್ಲ. ಒಂದು ಬೆಳೆಯ ಒಳ್ಳೆಯ ಗೂಡು ಆರಿಸಿಡಬೇಕು, ಅದರಿಂದ ಚಿಟ್ಟೆ ಹೊರಬಂದು ಬಟ್ಟೆಯ ಮೇಲೆ ಮೊಟ್ಟೆಯಿಡಬೇಕು, ಹತ್ತು ದಿನಕ್ಕೆ ಅದು ಮರಿಯಾಗಿ ಮುಂದಿನ ಬೆಳೆ ನಡೆಯಬೇಕು. ನಡುವೆ ಒಂದು ಬೆಳೆ ತಪ್ಪಿದರೆ ವಂಶವೇ ಮುಗಿಯಿತು. ಸುತ್ತಿನ ಊರುಗಳಲ್ಲಿ ರೋಗ ಬಂದು ಮನೆಮನೆಯ ಬಿತ್ತನೆ ಹಾಳಾದ ವರ್ಷಗಳಲ್ಲೂ ಈ ಮನೆಯದು ಉಳಿದಿತ್ತು. ಅತ್ತೆ ಸಾಯುವಾಗ ಸೊಸೆಯ ಕೈ ಹಿಡಿದು "ಬಿತ್ತನೆ ಕೆಡಿಸ್ಬ್ಯಾಡ" ಅಂದಳು, ಬೇರೆ ಏನೂ ಹೇಳಲಿಲ್ಲ. ಗುರುಸಿದ್ದಮ್ಮನ ಬದುಕಿಗೆ ಗುರಿ ಅಂತ ಇದ್ದದ್ದು ಅದೊಂದೇ. ಅದಕ್ಕೆ ಗುರಿ ಅನ್ನುತ್ತಾರೆಂದು ಅವಳಿಗೆ ಗೊತ್ತಿರಲಿಲ್ಲ, ಅಷ್ಟೆ.

ಗುರಿ ಅನ್ನುವ ಆ ಮಾತನ್ನು ಮನೆಗೆ ತಂದವನು ಮೈದುನ ಪುಟ್ಟಸ್ವಾಮಿ. ತಿರುಮಕೂಡಲು ನರಸೀಪುರದಲ್ಲಿ ಲೋವರ್ ಸೆಕೆಂಡರಿವರೆಗೆ ಓದಿ, ಪರೀಕ್ಷೆಯೊಂದನ್ನು ಬಿಟ್ಟು ಮಿಕ್ಕೆಲ್ಲದರಲ್ಲೂ ಪಾಸಾದವನ ಠೀವಿಯಲ್ಲಿ ಊರಿಗೆ ಮರಳಿದ್ದ. ಆ ವರ್ಷ ಬೆಂಗಳೂರಿನಿಂದ ಯಾರೋ ಸಾಹೇಬರು ನರಸೀಪುರಕ್ಕೆ ಬಂದು ಭಾಷಣ ಮಾಡಿದರು. ಮೈಸೂರಿನ ದಸರಾ ವಸ್ತುಪ್ರದರ್ಶನಕ್ಕೆ ತಾಲ್ಲೂಕಿನಿಂದ ರೇಷ್ಮೆ ಗೂಡು ಆರಿಸುತ್ತಾರಂತೆ, ಮೊದಲನೆಯವನಿಗೆ ಸರ್ಟಿಫಿಕೇಟು ಕೊಡುತ್ತಾರಂತೆ, ಅದಿದ್ದವನಿಗೆ ಹಳ್ಳಿಹಳ್ಳಿ ತಿರುಗಿ ಹುಳು ಸಾಕುವುದು ಕಲಿಸುವ ಮೇಸ್ತ್ರಿ ಕೆಲಸವೂ ಸಿಗಬಹುದಂತೆ. ಮನುಷ್ಯನಿಗೆ ಗುರಿ ಬೇಕು, ಗುರಿಗೆ ಅಂಕಿ ಬೇಕು, ಆ ಅಂಕಿಯನ್ನು ದಿನವೂ ಕಣ್ಣಿಗೆ ಬೀಳುವ ಕಡೆ ಬರೆದಿಡಬೇಕು ಅಂತಲೂ ಅವರು ಹೇಳಿದರಂತೆ.

ಮರುದಿನವೇ ಪುಟ್ಟಸ್ವಾಮಿ ಪಡಸಾಲೆಯ ಗೋಡೆಯ ಮೇಲೆ ಸುಣ್ಣದಲ್ಲಿ ಬರೆದ. ಮೊದಲನೆಯದು ನೂರು ಬಿದಿರು ತಟ್ಟೆ ತುಂಬ ಹುಳು. ಆಮೇಲೆ ಸರ್ಟಿಫಿಕೇಟು, ಮೇಸ್ತ್ರಿ ಕೆಲಸ. ಅದರ ಕೆಳಗೆ, ಅಣ್ಣ ಕಡ್ಡಿಪುಡಿ ಬಿಡುವುದು. ಎಲ್ಲಕ್ಕಿಂತ ಕೆಳಗೆ, ಅತ್ತಿಗೆ ಬೇಗ ಏಳುವುದು. ಊರ ಕೋಳಿ ಕೂಗುವ ಮುಂಚೆ ಎದ್ದು ಹುಳುವಿಗೆ ಸೊಪ್ಪು ಹಾಕುವ ಹೆಂಗಸಿಗೆ, ಬಿಸಿಲು ಮುಖಕ್ಕೆ ಹೊಡೆದ ಮೇಲೆ ಏಳುವವನು ಹೇಳಿದ ಬುದ್ಧಿ ಇದು.

"ನಮ್ಮನೇಲಿ ಮೂವತ್ತು ತಟ್ಟೆಗೆ ಜಾಗ, ಮೂವತ್ತು ತಟ್ಟೆಗೆ ಸೊಪ್ಪು ಐತೆ ಕಣಪ್ಪ" ಅಂದಳು ಗುರುಸಿದ್ದಮ್ಮ. "ಉಳ ಉಳದ ನಡುವೆ ಒಂದು ಬೆರಳಾಡಬೇಕು. ನೂರು ಎಲ್ಲಿಂದ ತತ್ತೀಯಾ?"

"ಎಲ್ಲಿಂದ ಅಂತ ಕೇಳೋರು ಗುರಿ ಮುಟ್ಟಾಕಿಲ್ಲ ಅತ್ಗೆ. ಸಾಹೇಬ್ರು ಅದ್ನೇ ಏಳಿದ್ದು."

ಅವಳು ಗಂಡನ ಮುಖ ನೋಡಿದಳು. ಶಂಭುಲಿಂಗಪ್ಪ, "ಮಾಡ್ಲಿ ಬಿಡು, ಓದಿರೋನು" ಅಂದು ದವಡೆಗೆ ಒಂದು ಚಿಟಿಕೆ ಕಡ್ಡಿಪುಡಿ ಒತ್ತಿಕೊಂಡ.

ಮಾರಬೇಕಾಗಿದ್ದ ಗೂಡನ್ನೂ ಬಿತ್ತನೆಗೆ ಇಟ್ಟರು. ಮರಿಗಳು ಎದ್ದವು. ಹುಳು ಬೆಳೆಯುವಾಗ ನಾಲ್ಕು ಸಲ ತಿನ್ನುವುದು ಬಿಟ್ಟು ಪೊರೆ ಕಳಚುತ್ತದೆ, ಅದಕ್ಕೆ ಜ್ವರ ಅನ್ನುತ್ತಾರೆ. ನಾಲ್ಕನೆಯ ಜ್ವರದಿಂದ ಎದ್ದ ಹುಳುವಿನ ಹಸಿವು ಅಂತಿಂಥದ್ದಲ್ಲ. ಮೂವತ್ತು ತಟ್ಟೆಯ ಕೋಣೆಯಲ್ಲಿ ನೂರು ತಟ್ಟೆ ಸೂರಿನವರೆಗೆ ಪೇರಿಸಿ, ಗಾಳಿಯಾಡದೆ, ಹುಳುವಿನ ಮೇಲೆ ಹುಳು ಹರಿದಾಡುತ್ತಿತ್ತು. ಸೊಪ್ಪು ಸಾಲಲಿಲ್ಲ. ಪುಟ್ಟಸ್ವಾಮಿ ಕಂಡವರ ತೋಟ ಬೇಡಿ ಸೊಪ್ಪು ತಂದ. ಬಾಡಬಾರದೆಂದು ಅದಕ್ಕೆ ನೀರು ಬೇರೆ ಚಿಮುಕಿಸಿದ. ಒದ್ದೆ ಸೊಪ್ಪು ತಿಂದ ಹುಳು ಉಳಿಯುವುದಿಲ್ಲವೆಂದು ಆ ಊರಿನಲ್ಲಿ ಲಂಗ ಉಡುವ ಹುಡುಗಿಗೂ ಗೊತ್ತು. ಗುರುಸಿದ್ದಮ್ಮ ಬೈದು ಬೈದು ಸಾಕಾಗಿ, ಕೊನೆಗೆ ಹಿಡಿ ಹಿಡಿ ಸೊಪ್ಪನ್ನೂ ಸೆರಗಿನಲ್ಲಿ ಒರೆಸಿ ಹಾಕತೊಡಗಿದಳು.

ಹುಳು ಗೂಡಿಗೆ ಹತ್ತಲು ಇನ್ನು ನಾಲ್ಕೇ ದಿನ ಅನ್ನುವಾಗ ಅವಳು ಮುಟ್ಟಾದಳು.

ಲಿಂಗ ಕಟ್ಟಿದ ಆ ಮನೆಯಲ್ಲಿ ಮುಟ್ಟಿಗೆ ಅಂಥ ಮಡಿಯೇನೂ ಇರಲಿಲ್ಲ. ಅಡಿಗೆ ಮಾಡಬಹುದು, ಪೂಜೆ ಮಾಡಬಹುದು. ಹುಳುವಿನ ಕೋಣೆಗೆ ಮಾತ್ರ ಮೂರು ದಿನ ಕಾಲಿಡಕೂಡದು. ಅದು ಅತ್ತೆ ಹಾಕಿದ್ದ ಕಟ್ಟು, ಇಪ್ಪತ್ತೈದು ವರ್ಷದಲ್ಲಿ ಗುರುಸಿದ್ದಮ್ಮ ಒಂದು ಸಲವೂ ಮೀರಿರಲಿಲ್ಲ. ಅವಳು ಹಿತ್ತಲ ಜಗಲಿಯಲ್ಲಿ ಕೂತಳು. ಅಂಥ ದಿನಗಳಲ್ಲಿ ನೆರೆಯ ಸಾಕಮ್ಮನೋ ಪುಟ್ಟಗೌರಮ್ಮನೋ ಬಂದು ಸೊಪ್ಪು ಹಾಕುತ್ತಿದ್ದರು, ಈ ಸಲ ಕೋಣೆ ಪುಟ್ಟಸ್ವಾಮಿಯ ಕೈಗೆ ಹೋಯಿತು.

ಮೊದಲ ದಿನ ಸಂಜೆಗೇ ಕಿಟಕಿಯಿಂದ ನಾತ ಬಂತು. ಆ ನಾತ ಅವಳಿಗೆ ಗೊತ್ತಿತ್ತು.

"ಪುಟ್ಟಸ್ವಾಮಿ, ಉಳ ಸಾಯ್ತಾ ಅವೆ" ಅಂತ ಕಿಟಕಿಯ ಕಡೆ ಕೂಗಿದಳು.

"ಇಲ್ಲ ಅತ್ಗೆ, ಈಗ್ತಾನೆ ಎಣಿಸ್ದೆ. ಸರಿಯಾಗಿ ನೂರು ತಟ್ಟೆ ಐತೆ."

"ಎಣಿಸ್ಬ್ಯಾಡ, ಮೂಸಿ ನೋಡು. ಸತ್ತಿರೋದ್ನ ಆರಿಸಿ ಆಚೆ ಆಕು. ಇಲ್ದಿದ್ರೆ ಎಲ್ಲಕ್ಕೂ ಅಂಟ್ತದೆ."

"ಆಚೆ ಆಕಿದ್ರೆ ತಟ್ಟೆ ಕಮ್ಮಿ ಆಯ್ತದೆ. ನಾಳಿದ್ದು ತಾಲ್ಲೂಕು ಕಚೇರಿ ಶೇಕದಾರ್ರು ನೋಡಾಕೆ ಬತ್ತಾವ್ರೆ."

ಮರುದಿನ ಮಧ್ಯಾಹ್ನದ ಹೊತ್ತಿಗೆ ಅವಳಿಂದ ತಡೆಯಲಾಗಲಿಲ್ಲ. ಎದ್ದಳು, ಸೆರಗು ಸೊಂಟಕ್ಕೆ ಸಿಕ್ಕಿಸಿದಳು, ಕೋಣೆಯ ಬಾಗಿಲು ನೂಕಿ ಒಳಗೆ ಹೋದಳು. ಅತ್ತೆಯ ಕಟ್ಟು ಮುರಿದ ದುಃಖಕ್ಕೂ ಅಲ್ಲಿ ಬಿಡುವಿರಲಿಲ್ಲ. ತಟ್ಟೆಗಳ ಮೇಲೆಲ್ಲ ಹಸಿರು ಸೊಪ್ಪು ನೀಟಾಗಿ ಹರಡಿತ್ತು. ಸೊಪ್ಪು ಎತ್ತಿದರೆ ಕೆಳಗೆ ಊದಿಕೊಂಡ ಹುಳುಗಳು, ಕೆಲವುದರ ಚರ್ಮ ಬಿರಿದು ಹಾಲಿನಂಥ ಕೀವು ಸುರಿಯುತ್ತಿತ್ತು, ಕೆಲವು ಕಪ್ಪಾಗಿ ಕರಗಿದ್ದವು, ಮಿಕ್ಕವು ಆ ಕೆಸರಿನಲ್ಲೇ ಹೊರಳುತ್ತ ಸೊಪ್ಪು ಮೇಯುತ್ತಿದ್ದವು. ಮೇಲಿನ ತಟ್ಟೆಯದು ಕೆಳಗಿನದಕ್ಕೆ ತೊಟ್ಟಿಕ್ಕುತ್ತಿತ್ತು. ಹೆಣ ಕಾಣದಿರಲಿ ಅಂತ ಹಸಿರು ಹೊದಿಸಿದ್ದ ಮಹಾರಾಯ. ಗುರುಸಿದ್ದಮ್ಮ ಅಲ್ಲೇ ಮೂಲೆಯಲ್ಲಿ ವಾಂತಿ ಮಾಡಿಕೊಂಡಳು. ಹುಳು ಕಂಡು ಅವಳಿಗೆ ಎಂದೂ ಹೇಸಿಗೆಯಾದದ್ದಿಲ್ಲ. ಈಗ ಆದದ್ದು ಆ ನೀಟಾದ ಸೊಪ್ಪನ್ನು ಕಂಡು.

ಸಂಜೆಯವರೆಗೆ ಅವಳು ಒಂದೊಂದೇ ಹುಳುವನ್ನು ಬೆರಳಲ್ಲಿ ಹಿಡಿದು, ಬೆಳಕಿಗೆ ತೋರಿಸಿ ಆರಿಸಿದಳು. ನೂರು ತಟ್ಟೆಯಲ್ಲಿ ಒಳ್ಳೆಯದು ಸಿಕ್ಕಿದ್ದು ನಾಲ್ಕು ತಟ್ಟೆ. ಅವನ್ನು ಸೌದೆ ಕೊಟ್ಟಿಗೆ ಗುಡಿಸಿ ಬೇರೆ ಇಟ್ಟಳು. ಮಿಕ್ಕ ತೊಂಬತ್ತಾರನ್ನು ಹಿತ್ತಲಲ್ಲಿ ಗುಂಡಿ ತೋಡಿ ಸುರಿದರು.

ಪುಟ್ಟಸ್ವಾಮಿ ಚಾವಡಿಯಲ್ಲಿ ಕೂತು ಹೇಳಿದ, "ಎಲ್ಲಾ ಸರಿಯಾಗಿತ್ತು ಕಣ್ರಪ್ಪ. ಅತ್ಗೆ ಮುಟ್ಟಾಗಿ ಒಳೀಕೆ ನುಗ್ಗಿದ್ಲು. ಒಂದೇ ದಿನಕ್ಕೆ ಅಷ್ಟೂ ಓಯ್ತು." ಅಲ್ಲಿಯವರೆಗೆ ಅತ್ತೆಯ ಕಟ್ಟುಗಳನ್ನೆಲ್ಲ ಮುದುಕಿಯರ ಪುರಾಣ ಅನ್ನುತ್ತಿದ್ದವನು ಇವನೇ. ಊರು ನಂಬಿತು. ಸಾಕಮ್ಮ, ಪುಟ್ಟಗೌರಮ್ಮ ಇವರೆಲ್ಲ ಕೆರೆಯ ಹತ್ತಿರ ಅವಳನ್ನು ಕಂಡರೆ ಮಾತು ನಿಲ್ಲಿಸತೊಡಗಿದರು. ಬರುತ್ತೇನೆಂದಿದ್ದ ಶೇಕದಾರರು ಬರಲೇ ಇಲ್ಲ.

ಗುರುಸಿದ್ದಮ್ಮ ಯಾವುದಕ್ಕೂ ಕಿವಿಗೊಡಲಿಲ್ಲ. ನಾಲ್ಕು ತಟ್ಟೆಯ ಹುಳು ಹಣ್ಣಾಗಿ, ಬಿದಿರು ಸುರುಳಿಯ ಚಂದ್ರಿಕೆ ಹತ್ತಿ ಗೂಡು ಕಟ್ಟಿತು. ಅಂಥ ಗೂಡು ಅವಳೂ ಕಂಡಿರಲಿಲ್ಲ. ಒತ್ತಿದರೆ ಬಗ್ಗದಷ್ಟು ಗಟ್ಟಿ, ಎಳೆ ನಿಂಬೆಹಣ್ಣಿನ ಬಣ್ಣ. ಒಂದನ್ನೂ ಮಾರದೆ ಅಷ್ಟನ್ನೂ ಬುಟ್ಟಿಯಲ್ಲಿ ಹರಡಿ, ತೆಳ್ಳನೆಯ ಬಟ್ಟೆ ಮುಚ್ಚಿ ನಡುಮನೆಯಲ್ಲಿಟ್ಟಳು. ಚಿಟ್ಟೆ ಬಂದರೆ ಮನೆಯ ಬಿತ್ತನೆ ಉಳಿಯಿತು. ದಿನಕ್ಕೆರಡು ಸಲ ಹೋಗಿ ಬಟ್ಟೆಗೆ ಕಿವಿಯಿಟ್ಟು ಕೇಳುತ್ತಿದ್ದಳು.

ಎಂಟನೆಯ ದಿನ ತಟ್ಟೆಗಳನ್ನೆಲ್ಲ ತೊಳೆಯಲು ಕೆರೆಗೆ ಹೋದವಳು ಮಧ್ಯಾಹ್ನ ಮನೆಗೆ ಬಂದರೆ ನಡುಮನೆಯಲ್ಲಿ ಬುಟ್ಟಿ ಬರಿದಾಗಿತ್ತು. ಹಿತ್ತಲ ಒಲೆಯ ಮೇಲೆ ದೊಡ್ಡ ಹಂಡೆಯಲ್ಲಿ ನೀರು ಇನ್ನೂ ಕುದಿಯುತ್ತಿತ್ತು. ಹಂಡೆಯ ಪಕ್ಕ ಉದುರಿದ್ದ ಒಂದು ಗೂಡನ್ನು ಎತ್ತಿ ಉಗುರಿನಿಂದ ಸೀಳಿದಳು. ಒಳಗಿನ ಜೀವ ಬೆಂದು ಮೆತ್ತಗಾಗಿತ್ತು.

"ಪುಟ್ಟಸ್ವಾಮಿ ಅಬೆ ಆಕಿ ನರಸೀಪುರಕ್ಕೆ ತಕ್ಕೊಂಡೋದ" ಅಂದ ಶಂಭುಲಿಂಗಪ್ಪ ಜಗಲಿಯಿಂದ. "ವಸ್ತುಪ್ರದರ್ಶನಕ್ಕೆ ಆರಿಸೋದು ಇವತ್ತೇ ಅಂತೆ. ಚಿಟ್ಟೆ ತೂತು ಮಾಡ್ಬಾರ್ದಲ್ಲ."

"ನೀವು ನೋಡ್ತಾ ಕೂತಿದ್ರಾ?"

"ಗೂಡು ಗೂಡೇ ಅಲ್ವಾ" ಅಂದ ಅವನು, ನಿಜವಾಗಿಯೂ ಅರ್ಥವಾಗದೆ.

ಅವಳಿಗೆ ಅಳು ಬರಲಿಲ್ಲ. ಮೈಯೆಲ್ಲ ಅಸಹ್ಯ ತುಂಬಿತು. ಇಪ್ಪತ್ತೈದು ವರ್ಷ ಇವಳ ಹುಳುವಿನ ದುಡ್ಡಿನಲ್ಲಿ ಉಂಡು, ಬಿತ್ತನೆ ಯಾವುದು, ಮಾರುವ ಗೂಡು ಯಾವುದು ಅಂತ ಒಂದು ದಿನ ಕೇಳದ ಗಂಡ. ಇವಳೇ ಬಾಯಿಗೆ ತುತ್ತಿಟ್ಟು ಬೆಳೆಸಿದ ಮೈದುನ. ಇವರಿಗೆ ಬಿಡಿಸಿ ಹೇಳಿದರೆ ಬಾಯಿ ಹೊಲಸು ಅನ್ನಿಸಿತು. ಹೇಳಲಿಲ್ಲ.

ಆ ಗೂಡಿಗೆ ಮೊದಲ ಸ್ಥಾನ ಬಂತು. ಬರದೆ ಇನ್ನೇನು. ದಸರೆ ಕಳೆದ ಮೇಲೆ ಪುಟ್ಟಸ್ವಾಮಿ ಸರ್ಟಿಫಿಕೇಟಿಗೆ ಕಟ್ಟು ಗಾಜು ಹಾಕಿಸಿ ಗೋಡೆಗೆ ತಗಲುಹಾಕಿದ. ಹದಿನೈದು ದಿನಕ್ಕೆ ಮೇಸ್ತ್ರಿ ಕೆಲಸದ ಆರ್ಡರೂ ಬಂತು. ಗುರಿಯ ಸಾಲುಗಳ ಪಕ್ಕ ಸುಣ್ಣದಲ್ಲಿ ಗೀಟು ಎಳೆದ. ನೂರು ತಟ್ಟೆಯ ಪಕ್ಕವೂ ಎಳೆದ.

ಒಂದು ದಿನ ನಂಜನಗೂಡು ಸೀಮೆಯ ಹೆಮ್ಮರಗಾಲದಿಂದ ಚಿಕ್ಕಮಾದು ಅನ್ನುವ ಮುದುಕ ಇನ್ನಿಬ್ಬರನ್ನು ಕರೆದುಕೊಂಡು ಬಂದ. ಪುಟ್ಟಸ್ವಾಮಿ ಅವರನ್ನು ಗೋಡೆಯ ಮುಂದೆ ಕೂರಿಸಿ ಗುರಿ ಇಡುವುದು ಹೇಗೆ, ಅದನ್ನು ದಿನದಿನಕ್ಕೆ ಹಂಚುವುದು ಹೇಗೆ ಅಂತ ಒಂದು ಗಳಿಗೆ ಹೇಳಿದ.

"ಅಂಕಿ ಗಿಂಕಿ ನಮ್ಗೆ ಬರಾಕಿಲ್ಲ ಬುದ್ದಿ" ಅಂದ ಚಿಕ್ಕಮಾದು ಕೊನೆಗೆ. "ನಮ್ಮೂರಾಗೆ ಬಿತ್ತನೆ ಎಲ್ಲಾ ರೋಗ ಬಂದು ಓಯ್ತು. ಇದು ಸಾಚಾ ಬಿತ್ತನೆ ಅಂತ ಕೇಳಿ ನಡ್ಕಂಡ್ ಬಂದೊ. ಒಂದೀಟು ಕೊಡ್ಸಿ."

"ಅದಕ್ಕೇನಂತೆ. ಅತ್ಗೆ, ಇವ್ರಿಗೆ ಬಿತ್ತನೆ ಕೊಡು."

ಗುರುಸಿದ್ದಮ್ಮ ಬೀಸುತ್ತಿದ್ದ ಕಲ್ಲು ನಿಲ್ಲಿಸಿ, ಕೈ ಒರೆಸಿಕೊಂಡು ಹಿತ್ತಲಿಗೆ ನಡೆದಳು. ನಾಲ್ವರೂ ಹಿಂದೆ ಬಂದರು. ಅವಳು ಗುದ್ದಲಿ ತೆಗೆದುಕೊಂಡು ಗುಂಡಿಯ ಮೇಲುಮಣ್ಣು ಎಳೆದಳು. ನಾತ ಗಪ್ಪನೆ ಮೇಲೆದ್ದಿತು. ಎಲ್ಲರೂ ಮೂಗಿಗೆ ಬಟ್ಟೆ ಒತ್ತಿಕೊಂಡರು, ಅವಳೊಬ್ಬಳು ಒತ್ತಿಕೊಳ್ಳಲಿಲ್ಲ.

"ಇದು ತೊಂಬತ್ತಾರು ತಟ್ಟೆ" ಅಂದಳು. "ಮಿಕ್ಕ ನಾಕನ್ನ ಬೇಯ್ಸಿ, ಗಾಜಾಕಿ ಗ್ವಾಡೆಗೆ ತಗಲಾಕವ್ನೆ. ಬಿತ್ತನೆ ಇದ್ದಿದ್ದು ಅದ್ರಾಗೆ."

ಹುಳು ಸಾಕಿದ ಮುದುಕನಿಗೆ ತಿಳಿಯಿತು. ಅವನು ತಲೆಗೆ ಸುತ್ತಿದ ವಸ್ತ್ರ ಬಿಚ್ಚಿ ಕೈಯಲ್ಲಿ ಹಿಡಿದ. "ಒಂದೂ ಉಳೀಲಿಲ್ವಾ ತಾಯಿ?"

"ಇಲ್ಲ ಕಣಪ್ಪ."

"ಯಾವ ನಾಕು ಅತ್ಗೆ?" ಅಂತ ಕೇಳಿದ ಪುಟ್ಟಸ್ವಾಮಿ.

ಚಿಕ್ಕಮಾದು ಅವನಿಗೆ ಹೇಳಲು ಬಾಯಿ ತೆರೆದು, ಅವಳ ಮುಖ ನೋಡಿ, ವಸ್ತ್ರವನ್ನು ಮತ್ತೆ ತಲೆಗೆ ಸುತ್ತಿಕೊಂಡ. ಗುರುಸಿದ್ದಮ್ಮ ಮಣ್ಣನ್ನು ಮತ್ತೆ ಗುಂಡಿಗೆ ಎಳೆಯತೊಡಗಿದಳು.