ಹೊಸ ಮುಖ ಕಂಡರಾಗದವಳು

ನನ್ನ ಮಗಳಿಗೆ ಹೊಸ ಮುಖ ಕಂಡರಾಗದು. ಹುಟ್ಟಿದ ದಿನ ದೀಪ ಹಾಕಿದ್ದಕ್ಕೇ ವಾರ್ಡು ಕಿತ್ತುಹೋಗುವಂತೆ ಕಿರುಚಿದವಳು. ಅದೇ ವಾರ ಹುಟ್ಟಿದ ನನ್ನ ಅಕ್ಕನ ಮಗನೋ, ಪಕ್ಕದಲ್ಲಿ ಪಾತ್ರೆ ಬಿದ್ದರೂ ಆಕಳಿಸುತ್ತಾನೆ. "ಅವನು ಬಂಗಾರ, ಇವಳು ಹಠಮಾರಿ" ಎನ್ನುವವರ ಬಾಯಿಗೆ ಬೆಸುಗೆ ಹಾಕಬೇಕು. ಹಲ್ಲು ಮೂಡದ ಕೂಸಿಗೆ ಎಂಥ ಹಠ? ಅವಳಿರುವುದೇ ಹಾಗೆ.

ಸೋಮವಾರ ಹೆಂಡತಿ ಹೊಲಿಗೆ ಕಾರ್ಖಾನೆಗೆ ಮರಳದಿದ್ದರೆ ಅವಳ ಮಿಷನ್ನಿಗೆ ಬೇರೆಯವಳು ಬಂದು ಕೂರುತ್ತಾಳೆ. ಅವಳು ಹೋಗಬೇಕೆಂದರೆ ಶಿಶುವಿಹಾರದವರು ಮಗುವನ್ನು ಇಟ್ಟುಕೊಳ್ಳಬೇಕು. ಅಲ್ಲಿನ ಆಯಾ ಆಗಲೇ ಎರಡು ಸಲ ವಾಪಸು ಕಳಿಸಿದ್ದಳು. ಶನಿವಾರ ವೆಲ್ಡಿಂಗ್ ಅಂಗಡಿಗೆ ರಜೆ ಹಾಕಿ ನಾನೇ ಹೊರಟೆ. ಮರ್ಯಾದಸ್ಥನಂತೆ ಕಾಣಲೆಂದು ಘಮಘಮ ಸೋಪು ತಿಕ್ಕಿ, ಮೀಸೆ ಬೋಳಿಸಿ, ಮದುವೆಯ ಅಂಗಿ ತೊಟ್ಟು ಮಗಳನ್ನೆತ್ತಿದರೆ, ನನ್ನನ್ನೇ ನೋಡಿ ಚೀರಿದಳು!

"ಅಯ್ಯೋ ದೊರೆ, ಇದ್ಯಾವ ಹೊಸ ಗಂಡಸು ಅಂದ್ಕೊಂಡ್ಳು" ಎಂದು ಹೆಂಡತಿ ನಕ್ಕು, ಹೊಗೆ ವಾಸನೆಯ ಕೆಲಸದ ಅಂಗಿಯನ್ನು ನನ್ನ ಮುಖಕ್ಕೆಸೆದಳು. ಅದನ್ನು ತೊಟ್ಟ ಮೇಲೆ ಮಗಳು ನನ್ನ ಭುಜಕ್ಕೆ ಮೂಗೊತ್ತಿ ಸುಮ್ಮನಾದಳು.

ಶಿಶುವಿಹಾರದ ಬಾಗಿಲಲ್ಲಿ ಆಯಾ ಕೈ ಚಾಚಿದಳು. "ಕೊಟ್ಟು ತಿರುಗಿ ನೋಡ್ದೆ ಹೋಗ್ಬಿಡಿ. ಅತ್ತು ಅತ್ತು ತಾನೇ ಸುಮ್ನಾಗ್ತಾಳೆ."

"ಎರಡು ಸಲ ಹಾಗೇ ಮಾಡಿದ್ರಲ್ಲ, ಆದ್ಲಾ?"

"ಬೇರೆ ಮಕ್ಕಳೆಲ್ಲ ಆಗ್ತಾವಪ್ಪ."

"ಬೇರೆ ಮಕ್ಕಳನ್ನ ನಾನು ಹೆತ್ತಿಲ್ಲ."

"ಇವಳನ್ನೂ ನೀವು ಹೆತ್ತಿಲ್ಲ ಬಿಡಿ!"

ಸಿಟ್ಟಿನಲ್ಲೂ ನಗು ಬಂತು. "ಅಕ್ಕಾ, ನಾನು ಒಳಗೆ ಕೂರ್ತೀನಿ. ನೀವು ಇವಳನ್ನ ಕರೀಬೇಡಿ, ಮುಟ್ಬೇಡಿ, ನೋಡ್ಲೂಬೇಡಿ. ತಾನಾಗೇ ಬರ್ತಾಳೆ."

"ಬರ್ದಿದ್ರೆ?"

"ಬರ್ತಾಳೆ. ಬರ್ದಿದ್ರೆ ನಾವು ಮತ್ತೆ ನಿಮ್ಮ ಬಾಗಿಲು ತುಳಿಯಲ್ಲ."

ಗೋಡೆಗೊರಗಿ ಕುಳಿತೆ. ಆಯಾ ಒಣಗಿದ ಬಟ್ಟೆ ಮಡಚತೊಡಗಿದಳು. ಮಗಳು ನನ್ನ ಅಂಗಿಯ ಗುಂಡಿ ಹಿಡಿದು ಎಲ್ಲವನ್ನೂ ನೋಡಿದಳು: ಫ್ಯಾನು, ಚೆಂಡು, ಜೊಲ್ಲು ಸುರಿಸುವ ಪೋರ, ಆಯಾಳ ಕೈ. ಬೇರೆ ಮಕ್ಕಳ ಊಟ ಮುಗಿಯಿತು, ನಿದ್ದೆಯೂ ಮುಗಿಯಿತು. ನನ್ನ ಕಾಲು ಜೋಮು ಹಿಡಿಯಿತು. ಆಯಾ ಒಮ್ಮೆ ಮಾತಾಡಲು ಬಾಯಿ ತೆರೆದಳು. ಗುರಾಯಿಸಿದೆ. ಮುಚ್ಚಿದಳು.

ಮಗಳು ಗುಂಡಿ ಬಿಟ್ಟಳು. ತೆವಳಿದಳು, ಅರ್ಧಕ್ಕೆ ನಿಂತು ನನ್ನತ್ತ ತಿರುಗಿದಳು, ಮತ್ತೆ ತೆವಳಿದಳು. ಮಡಚಿಟ್ಟ ರಾಶಿಯನ್ನು ಪೂರ್ತಿ ಕೆಡವಿ, ಒಂದು ಲಂಗೋಟಿಯನ್ನೆಳೆದು ಆಯಾಳ ಮಡಿಲಿಗೆ ಹಾಕಿ, ತಾನೂ ಹತ್ತಿದಳು.

ಆಯಾ ತಲೆಯೆತ್ತಲಿಲ್ಲ. "ಈಗ್ಲಾದ್ರೂ ನೋಡ್ಲಾ?" ಎಂದು ಪಿಸುಗುಟ್ಟಿದಳು.

"ಇನ್ನೊಂಚೂರು ತಡೀರಿ."

"ಸೋಮವಾರ ಬೇಗ ಕರ್ಕೊಂಡ್ಬನ್ನಿ. ಆ ಜೊಲ್ಲುಬುರುಕ ಬಂದು ಮಡಿಲು ಹಿಡ್ಕೊಂಡ್ರೆ ಇವಳಿಗೆ ಜಾಗ ಇರಲ್ಲ."