ಅತ್ತೆಯ ಗೇಣು, ಅವ್ವನ ಸೀರೆ

ಕರೆಂಟು ಹೋಯಿತು, ಓಣಿಯ ಮಗ್ಗಗಳೆಲ್ಲ ಒಮ್ಮೆಗೇ ಬಾಯಿ ಮುಚ್ಚಿಕೊಂಡವು, ಬನಹಟ್ಟಿಯಲ್ಲಿ ಹೀಗಾದರೆ ಕಿವಿಯೊಳಗೆ ಗುಂಯ್ ಅನ್ನುತ್ತದೆ, ಈಗ ನನ್ನ ಕತ್ತರಿಯ ಸದ್ದೂ ನನಗೆ ಕೇಳಿಸುತ್ತದೆ — ಇರು ಪ್ರತಿಮಾ, ನನಗೆ ನಾನೇ ಹೇಳಿಕೊಳ್ಳುತ್ತೇನೆ, ಇನ್ನೂ ಕತ್ತರಿ ಹಚ್ಚಬೇಡ, ಅವ್ವನ ಸೀರೆಯಲ್ಲಿ ಹರಿಯದೆ ಉಳಿದದ್ದು ಇಷ್ಟೇ, ತಪ್ಪಿ ಕತ್ತರಿಸಿದರೆ ಇನ್ನೊಂದು ನೇಯ್ದು ಕೊಡಲು ನನ್ನವ್ವ ಅನಸವ್ವ ಎದ್ದು ಬರುತ್ತಾಳೇನು, ಬರುವ ಸೋಮವಾರ ವಂದನಾ ಜಮಖಂಡಿ ದವಾಖಾನೆಯಿಂದ ಕೂಸು ಎತ್ತಿಕೊಂಡು ಬರುತ್ತಾಳೆ, ನನ್ನ ಮಗಳಿಗೊಬ್ಬ ಮಗಳು, ಅಯ್ಯ ಶಿವನೇ, ನಾನು ಅಜ್ಜಿಯಾದೆ, ಅಷ್ಟರೊಳಗೆ ಕೌದಿ ಮುಗಿಯಬೇಕು, ಮುತ್ತಜ್ಜಿಯರಿಬ್ಬರ ಸೀರೆ ಕೂಡಿಸಿದ ಕೌದಿ, ಒಂದು ತೀರಿಹೋದ ನನ್ನ ಅವ್ವನದು, ಇನ್ನೊಂದು ಅತ್ತೆ ಮಾದೇವಿಯದು, ಅಕೋ ಅಲ್ಲಿ ಹೊಸ್ತಿಲ ಬೆಳಕಿಗೆ ಕೂತು ದಾರ ಪೋಣಿಸಲಾಗದೆ ಸೂಜಿಗೇ ಬೈಯುತ್ತಿದ್ದಾಳೆ. ನಮ್ಮ ಮನೆಯ ಪದ್ಧತಿ, ಸೀರೆ ಯಾರದೋ ಅವರ ಕೈಯೇ ಅಳೆಯಬೇಕು, ಟೇಪು ಹಿಡಿಯಬಾರದು, ಕೈಯಾಡಿದ ಬಟ್ಟೆ ಕೂಸಿಗೆ ಬೆಚ್ಚಗಂತೆ, ಅತ್ತೆ ತನ್ನದನ್ನು ಅಳೆದಳು, ಒಂಬತ್ತ ಗೇಣ ಆತ ನೋಡವಾ ಅಂದಳು, ಅವ್ವ ಇಲ್ಲವಲ್ಲ, ಅವಳ ಪರವಾಗಿ ನಾನು ಅಳೆದೆ, ಆರು ಗೇಣು, ಅಗಲ ಎರಡೂ ಒಂದೇ, ತುಂಡುಗಳೆಲ್ಲ ಸಮ ಇರಬೇಕು, ಆದಷ್ಟು ದೊಡ್ಡವೂ ಇರಬೇಕು, ಸಣ್ಣ ಮಾಡಿದರೆ ಹೊಲಿಗೆಗಳು ಹೆಚ್ಚಾಗಿ ಕೂಸಿನ ಬೆನ್ನಿಗೆ ಒತ್ತುತ್ತವೆ, ಅವ್ವನ ಚೌಕಳಿಯ ಗುರುತೂ ಸಿಗದೆ ಹೋಗುತ್ತದೆ, ಮತ್ತೆ ಒಂದು ಎಳೆಯೂ ಮಿಕ್ಕಬಾರದು, ಮಿಕ್ಕ ಚಿಂದಿ ಈ ಮನೆಯಲ್ಲಿ ಎಲ್ಲಿಗೆ ಹೋಗುತ್ತದೆಂದು ನನಗೆ ಗೊತ್ತಿಲ್ಲವೇ, ಮಗ್ಗದ ಎಣ್ಣೆ ಒರೆಸಲಿಕ್ಕೆ, ನನ್ನವ್ವನ ಸೀರೆ ಎಣ್ಣೆ ಒರೆಸಬೇಕೇ — ಅದಕ್ಕೇ ಲೆಕ್ಕ ಹಾಕಿದೆ, ಪರಮಾನಂದ ಮಾಸ್ತರರು ಸಾಲಿಯಲ್ಲಿ ಬಾಯಿತುಂಬ ಹೇಳಿಸುತ್ತಿದ್ದ ಮಹತ್ತಮ ಸಾಮಾನ್ಯ ಅಪವರ್ತನ, ಆರನ್ನು ಶೇಷವಿಲ್ಲದೆ ಭಾಗಿಸುವವು ಒಂದು, ಎರಡು, ಮೂರು, ಆರು, ಒಂಬತ್ತನ್ನು ಭಾಗಿಸುವವು ಒಂದು, ಮೂರು, ಒಂಬತ್ತು, ಎರಡು ಕಡೆಗೂ ಇರುವುದರಲ್ಲಿ ದೊಡ್ಡದು ಮೂರು, ಮೂರು ಗೇಣಿನ ತುಂಡು ಮಾಡೋಣ್ರಿ ಅತ್ತಿ ಅಂದೆ, ಅಂದದ್ದೇ ತಡ, ತನ್ನ ಸೀರೆಯನ್ನು ಕರಕರ ಕತ್ತರಿಸಿ ಮೂರು ತುಂಡು ಮಾಡಿಯೇಬಿಟ್ಟಳು, ಈ ವಯಸ್ಸಿನಲ್ಲೂ ಏನು ಅವಸರ.

ಅದರಲ್ಲೊಂದನ್ನು ತಂದು ಅವ್ವನ ಸೀರೆಯ ಮೇಲೆ ಹಾಸಿದೆ, ನನ್ನ ಮೂರು ಗೇಣಿನ ಗುರುತಿಗೆ ಅದು ಮುಟ್ಟಲೇ ಇಲ್ಲ, ಮುಕ್ಕಾಲು ಗೇಣು ಗಿಡ್ಡ, ಎಳೆದೆ, ನೀವಿದೆ, ಊಹೂಂ, ಮೈಯೆಲ್ಲ ಉರಿಯಿತು, ಬೇಕಂತಲೇ ಮಾಡಿದ್ದಾಳೆ, ತನ್ನದನ್ನು ಗಿಡ್ಡ ಕತ್ತರಿಸಿದರೆ ಅವ್ವನದನ್ನೂ ಅದರ ಸಮಕ್ಕೆ ಕತ್ತರಿಸಬೇಕು, ಮಿಕ್ಕಿದ್ದು ಎಣ್ಣೆಗೆ, ಅದೇ ಬೇಕಿತ್ತು ಇವಳಿಗೆ, ನನ್ನ ಮದುವೆಯಲ್ಲಿ ಬೀಗತಿಗೆಂದು ಅವ್ವ ಕೈಮಗ್ಗದ ಮೇಲೆ ತಾನೇ ನೇಯ್ದ ಸೀರೆ ಇದು, ಇದೇ ಸೀರೆ, ಈಕೆ ಕೈಯಿಂದ ಮುಟ್ಟಲಿಲ್ಲ, ದೂರದಿಂದಲೇ ನೋಡಿ, ನೂಲು ಒರಟ ಐತ್ರಿ, ನೀವ ಉಟಗೋರಿ ಅಂದಳು, ಅಷ್ಟು ಮಂದಿಯ ನಡುವೆ, ಅವ್ವ ನಕ್ಕಳು, ಮಡಚಿಕೊಂಡಳು, ಹಬ್ಬಕ್ಕೊಮ್ಮೆ ತಾನೇ ಉಟ್ಟಳು, ಮತ್ತೆ ಈ ಹೊಸ್ತಿಲು ತುಳಿಯಲಿಲ್ಲ, ವಂದನಾ ಹುಟ್ಟಿದಾಗಲೂ ಬಾಗಿಲ ಹೊರಗೇ ನಿಂತು ಕೂಸಿನ ಮುಖ ನೋಡಿ ಹೋದಳು — ಅತ್ತಿ, ಯಾವ ಗೇಣಿಲೆ ಅಳದೀರಿ ಇದನ್ನ, ನನ್ನ ದನಿ ನನಗೇ ಕಟುವಾಗಿ ಕೇಳಿಸಿತು, ನನ್ನ ಗೇಣಿಲೇ ಅಳದೇನಿ, ಮತ್ತ್ಯಾರ ಗೇಣ ಎರವಲ ತರ್ಲಿ, ಹುಚ್ಚಿ, ಎಂದು ಕೈ ಬಿಡಿಸಿ ತೋರಿಸಿದಳು, ನೋಡು ಬೇಕಾದ್ರ. ನೋಡಿದೆ. ಎಷ್ಟೋ ವರ್ಷ ಮಗ್ಗದ ಮುಂದೆ ಕೂತು ಹರಿದ ಎಳೆ ಕೂಡಿಸಿ ಕೂಡಿಸಿ ಕೊಂಕಿದ ಬೆರಳು, ಪೂರ್ತಿ ಚಾಚಿದರೂ ಚಾಚದ ಬೆರಳು, ನನ್ನ ಗೇಣನ್ನು ಪಕ್ಕಕ್ಕಿಟ್ಟೆ, ಅವಳದು ನನ್ನದರೊಳಗೆ ಮುಚ್ಚಿಹೋಯಿತು, ಅಷ್ಟೇ ನೋಡು, ಎರಡು ಬೇರೆ ಗೇಣು ಹಿಡಿದು ಒಂದೇ ಲೆಕ್ಕ ಹಾಕಿದ್ದೆ ನಾನು, ಮಾಸ್ತರರಿದ್ದರೆ ಕಿವಿ ಹಿಂಡುತ್ತಿದ್ದರು, ಹಿಂದೆ ಈ ಕೈಗೆ ಹೆದರಿ ನಡುಗಿದ್ದೆನಲ್ಲ, ಇದು ಯಾವಾಗ ಇಷ್ಟು ಸಣ್ಣದಾಯಿತು, ಒಂದೇ ಮನೆಯಲ್ಲಿದ್ದು ನಾನು ನೋಡಲೇ ಇಲ್ಲವಲ್ಲ, ಪಾಪ ಅನ್ನಿಸಿತು, ಖರೆ, ಸಿಟ್ಟಿನ ನಡುವೆಯೇ ಪಾಪ ಅನ್ನಿಸಿತು.

ಅವಳದು ಆಗಲೇ ತುಂಡಾಗಿದೆ, ಇನ್ನು ಅವಳ ಗೇಣೇ ಗತಿ, ಅತ್ತಿ, ಅವ್ವನ ಸೀರಿನೂ ನೀವ ಅಳೀರಿ ಅಂದೆ. ಪದ್ಧತಿ ಬಿಟ್ಟು ಅವ್ವನ ಬಟ್ಟೆಯನ್ನು ಇವಳ ಕೈಗೆ ಕೊಡುತ್ತಿದ್ದೇನೆ, ಅತ್ತೆ ಸೂಜಿ ಕೆಳಗಿಟ್ಟಳು, ನನ್ನ ಮುಖ ನೋಡಲಿಲ್ಲ, ಸೀರೆಯನ್ನೇ ನೋಡಿದಳು, ಗುರುತು ಸಿಕ್ಕಿತೇ ಅವಳಿಗೆ, ಸಿಕ್ಕಿದೆ, ಆಕಿ ಇದ್ದಿದ್ರ ನನ್ನ ಕೈ ಹಚ್ಚಗೊಡತಿದ್ಲೇನ, ಅಂದಳು, ಅಷ್ಟು ಸಣ್ಣ ದನಿ ಅವಳಿಗಿದೆಯೆಂದೇ ನನಗೆ ಗೊತ್ತಿರಲಿಲ್ಲ, ಹಚ್ಚರಿ ಅತ್ತಿ, ಏನೂ ಅನ್ನೂದಿಲ್ಲ ಆಕಿ, ಯಾವ ಧೈರ್ಯದಲ್ಲಿ ಅಂದೆನೋ, ತುದಿಗೆ ಹೆಬ್ಬೆರಳು ಊರಿದಳು, ಒಂದು, ಹೆಬ್ಬೆರಳು ಕಿರುಬೆರಳಿನ ಜಾಗಕ್ಕೆ ಬಂತು, ಎರಡು, ಕೆಂಪು ಅಂಚು ದಾಟಿ ಚೌಕಳಿಯ ಮೇಲೆ, ಮೂರು, ನಾಲ್ಕು, ಐದು, ಆರು, ಏಳು, ಎಂಟು, ಸರಿಯಾಗಿ ಎಂಟಕ್ಕೆ ಸೀರೆ ಮುಗಿಯಿತು. ಎಂಟು ಮತ್ತು ಒಂಬತ್ತು, ಎರಡು ಬೇಡ, ಒಂಬತ್ತಕ್ಕೆ ಹತ್ತುವುದಿಲ್ಲ, ಮೂರು ಬೇಡ, ಎಂಟಕ್ಕೆ ಹತ್ತುವುದಿಲ್ಲ, ನಾಲ್ಕು, ಎಂಟು, ಒಂಬತ್ತು, ಯಾವುದೂ ಇಲ್ಲ, ಏನೂ ಸಿಗಲಿಲ್ಲಂದ್ರ ಒಂದಂತೂ ಇದ್ದ ಇರತೈತಿ, ಅಳಬ್ಯಾಡ ಪ್ರತಿಮಾ, ಮಾಸ್ತರರು ಸಾಲಿಯಲ್ಲಿ ಹಾಗನ್ನುತ್ತಿದ್ದರು, ಒಂದು, ಒಂದೇ ಗೇಣು, ಅವಳ ಮೂರು ತುಂಡು ಒಂಬತ್ತಾಗುತ್ತವೆ, ಅವ್ವನದು ಎಂಟು, ಎಣ್ಣೆಗೆ ಒಂದು ಎಳೆಯೂ ಹೋಗುವುದಿಲ್ಲ, ದೊಡ್ಡ ತುಂಡು ಬೇಕೆಂದಿದ್ದೆ, ಹೊಲಿಗೆ ಸಣ್ಣಗೆ ಹಾಕಿದರಾಯಿತು, ಕೂಸಿಗೆ ಒತ್ತದ ಹಾಗೆ ಹಾಕುತ್ತೇನೆ, ಎಷ್ಟಾತವಾ, ಎಂಟಾತ್ರಿ ಅತ್ತಿ, ನಾ ಎಣಿಸೂದ ಮರತೆ, ಇನ್ನೊಮ್ಮೆ ಅಳಿತೇನಿ ತಡಿ ಅಂದಳು, ಬಾಯಿಬಿಟ್ಟು ಎಣಿಸಿದ್ದಳು, ನಾನು ಕೇಳಿದ್ದೆ, ಸುಳ್ಳು ಹೇಳುತ್ತಿದ್ದಾಳೆ ಮುದುಕಿ, ಹೇಳಲಿ, ನನ್ನ ಕಣ್ಣು ತುಂಬಿ ಚೌಕಳಿ ಕಲಸಿಹೋಗುತ್ತಿದೆ, ಮತ್ತೆ ತುದಿಗೆ ಬಂದಳು, ಒರಟು ನೂಲಿನ ಮೇಲೆ ಆ ಕೈ, ಹೆಬ್ಬೆರಳು, ಕಿರುಬೆರಳು, ಮೇಲಕ್ಕೆ ಏಳುತ್ತಿಲ್ಲ, ಅಲ್ಲೇ ನೀವುತ್ತಿದೆ, ಹೆಬ್ಬೆರಳು, ಕಿರುಬೆರಳು, ಅವ್ವನ ಸೀರೆಯ ಮೇಲೆ ಆ ಕೈ, ಆ ಕೈ —