ವಿಮಾನ ಹುಡುಕಿದವಳ ಕೂಲಿ

ಅಮೆರಿಕದ ಡುಲೂತ್ ಊರಿನ ದಿವಾಳಿ ಕೇಸುಗಳ ಟ್ರಸ್ಟಿ ಲೊರೇನ್ ಪೆಕ್ಕಲಾ ಹದಿನೆಂಟು ವರ್ಷಗಳಲ್ಲಿ ಬಗೆಬಗೆಯ ಸುಳ್ಳು ಕೇಳಿದ್ದಳು. ದಿವಾಳಿಯೆಂದು ಕೋರ್ಟಿಗೆ ಬಂದವರ ಆಸ್ತಿ ಹುಡುಕಿ, ಮಾರಿ, ಅವರಿಂದ ಹಣ ಬರಬೇಕಾದವರಿಗೆ ಹಂಚುವುದು ಅವಳ ಕೆಲಸ. ಹಂಚಿದ ಹಣದಲ್ಲಿ ಕಾನೂನು ಗೊತ್ತುಮಾಡಿದ ಮಿತಿಯೊಳಗೆ ಒಂದು ಪಾಲು ಅವಳಿಗೆ. ಹಂಚಲು ಏನೂ ಇಲ್ಲದಿದ್ದರೆ ಕೇಸಿಗೆ ಅರವತ್ತು ಡಾಲರ್. ಬಹುಪಾಲು ಕೇಸುಗಳು ಅಂಥವೇ.

ಛಾವಣಿ ಗುತ್ತಿಗೆದಾರ ಗಾರ್ತ್ ಸ್ಟೆನ್‌ರೂಡ್‌ನದೂ ಅಂಥದ್ದೇ ಎಂದುಕೊಂಡಿದ್ದಳು. ಒಂದು ಹಳೆಯ ಪಿಕಪ್ ಗಾಡಿ, ಒಂದು ನಾಯಿ, ಇನ್ನೇನೂ ಇಲ್ಲ ಎಂದು ಅವನು ವಿಚಾರಣೆಯಲ್ಲಿ ಪ್ರಮಾಣ ಮಾಡಿ ಹೇಳಿದ. ಆಗ ಹಿಂದಿನ ಸಾಲಿನಿಂದ ಇಲೋನಾ ಹ್ರುಸ್ಕಾ ಎದ್ದು ನಿಂತಳು. ಎಂಬತ್ತರ ಮುದುಕಿ. ಗಾರ್ತ್ ಅವಳಿಂದ ಪೂರ್ತಿ ಮುಂಗಡ ತೆಗೆದುಕೊಂಡು, ಮನೆಯ ಛಾವಣಿ ಕಿತ್ತುಹಾಕಿ ಮಾಯವಾಗಿದ್ದ. ಇಡೀ ಚಳಿಗಾಲ ಅವಳು ಟಾರ್ಪಾಲಿನ ಕೆಳಗೆ ಕಳೆದಿದ್ದಳು.

"ವಿಮಾನದ ವಿಷಯ ಕೇಳಮ್ಮ ಅವನನ್ನ," ಎಂದಳು.

ಗಾರ್ತ್ ನಕ್ಕ. "ಅಜ್ಜಿಗೆ ಚಳಿ ತಲೆಗೇರಿದೆ ಮೇಡಂ."

ಅವನ ನಗು ಒಂದು ಗಳಿಗೆ ತಡವಾಗಿ ಬಂದಿತ್ತು. ಲೊರೇನ್‌ಗೆ ಅಷ್ಟು ಸಾಕಾಯಿತು. ಏಳು ತಿಂಗಳು ಅವಳು ನೋಂದಣಿ ಕಾಗದ ಕೆದಕಿದಳು, ಕೆರೆಗಳ ದಂಡೆಯಲ್ಲಿ ವಿಮಾನ ನಿಲ್ಲಿಸುವ ಹ್ಯಾಂಗರುಗಳನ್ನು ಸುತ್ತಿದಳು, ತನ್ನ ಜೇಬಿನಿಂದಲೇ ಪೆಟ್ರೋಲ್ ಹಾಕಿಸಿದಳು. ಕೊನೆಗೆ ಗಾರ್ತ್‌ನ ತಂಗಿಯ ಜಮೀನಿನಲ್ಲಿ, ಹುಲ್ಲಿನ ಕೊಟ್ಟಿಗೆಯ ಬಾಗಿಲು ಸರಿಸಿದಳು. ಒಣಹುಲ್ಲಿನ ಕಂತೆಗಳ ಹಿಂದೆ, ರೆಕ್ಕೆ ಕಳಚಿಟ್ಟ ಹಳದಿ ವಿಮಾನ. ನೀರಿನ ಮೇಲೆ ಇಳಿಯುವಂಥದ್ದು. ಒಂದು ಲಕ್ಷ ಎಂಬತ್ತು ಸಾವಿರ ಡಾಲರಿಗೆ ಕೊಳ್ಳುವವನೂ ಸಿಕ್ಕ.

ಮಾರಾಟಕ್ಕೆ ನಾಲ್ಕು ದಿನ ಇರುವಾಗ ಗಾರ್ತ್‌ನ ವಕೀಲ ಹೊಸ ಅರ್ಜಿ ಹಾಕಿದ: ದಿವಾಳಿ ಬೇಡ, ಗಾರ್ತ್ ವಿಮಾನ ತಾನೇ ಇಟ್ಟುಕೊಂಡು, ಅದರ ಬೆಲೆಯಷ್ಟನ್ನೂ ಐದು ವರ್ಷ ಕಂತಿನಲ್ಲಿ ಕಟ್ಟುತ್ತಾನೆ. ಮೊದಲ ಕಂತಿಗೆ ತಂಗಿಯ ಹಣ. ಕೋರ್ಟು ಒಪ್ಪಿತು. ಕಂತು ವಸೂಲಿ ಮಾಡಿ ಹಂಚಲು ಬೇರೆ ಟ್ರಸ್ಟಿ ಬಂದ.

ಲೊರೇನ್ ತನ್ನ ಏಳು ತಿಂಗಳ ಕೂಲಿ ಕೇಳಿದಳು. ನ್ಯಾಯಾಧೀಶ ವಿನ್‌ಫೀಲ್ಡ್ ಕಾಗದ ತಿರುವಿ ನೋಡಿ ಪಕ್ಕಕ್ಕಿಟ್ಟರು.

"ಪೆಕ್ಕಲಾ ಅವರೇ, ನೀವಿಲ್ಲದಿದ್ರೆ ಇಲ್ಲಿ ಯಾರಿಗೂ ಬಿಡಿಗಾಸು ಸಿಗ್ತಿರಲಿಲ್ಲ. ಅದು ನನಗೆ ಗೊತ್ತು. ಆದ್ರೆ ಟ್ರಸ್ಟಿ ತಾನು ಹಂಚಿದ ಹಣದ ಮೇಲೆ ಮಾತ್ರ ಇಂತಿಷ್ಟು ಪಡೀಬಹುದು ಅನ್ನುತ್ತೆ ಕಾನೂನು. ನೀವು ಹಂಚಿದ್ದೆಷ್ಟು?"

"ಏನೂ ಇಲ್ಲ. ಹಂಚೋಕೆ ಬಿಡಲಿಲ್ಲವಲ್ಲ!"

"ಸೊನ್ನೆಯ ಮೇಲೆ ಎಷ್ಟು ಪಾಲು ಹಾಕಿದ್ರೂ ಸೊನ್ನೆಯೇ. ನಾನು ಈ ಕಾನೂನನ್ನ ಓದೋದು ಹಾಗೇ. ಕ್ಷಮಿಸಿ."

ಲೊರೇನ್‌ಗೆ ಮಿತಿಯ ಸಂಗತಿ ಹೊಸದಲ್ಲ. ಹೊಸಬರಿಗೆ ತಾನೇ ಹೇಳಿಕೊಡುತ್ತಿದ್ದಳು. ಆ ಮಿತಿ ಸೊನ್ನೆಯವರೆಗೂ ಇಳಿದೀತೆಂದು ಅವಳಿಗೆ ಒಮ್ಮೆಯೂ ಹೊಳೆದಿರಲಿಲ್ಲ. ಕಾಗದಗಳನ್ನು ಚೀಲಕ್ಕೆ ತುರುಕಿ ಹೊರಗೆ ಬಂದಳು.

ಕೋರ್ಟಿನ ಮೊಗಸಾಲೆಯಲ್ಲಿ ಗಾರ್ತ್ ಟೋಪಿ ತಿರುಗಿಸುತ್ತ ನಿಂತಿದ್ದ. "ಬೇಜಾರು ಮಾಡ್ಕೋಬೇಡಿ ಮೇಡಂ. ಒಂದಿನ ವಿಮಾನದಲ್ಲಿ ಒಂದು ಸುತ್ತು ಹಾಕಿಸ್ತೀನಿ, ಬಿಟ್ಟಿ."

ಲೊರೇನ್ ಅವನನ್ನು ದಾಟಿ ನಡೆದಳು. ಇಲೋನಾ ಅವಳ ತೋಳು ಹಿಡಿದು ಕೇಳಿದಳು: "ನಿಜಾನಾ? ನಿನಗೆ ಒಂದು ಡಾಲರೂ ಇಲ್ವಾ? ನನಗೆ ಛಾವಣಿ ಬರೋದು ನಿನ್ನಿಂದ ತಾನೇ!"

"ಕೇಸಿನ ಮಾಮೂಲಿ ಅರವತ್ತು ಬಿಟ್ರೆ ಇಲ್ಲ ಅಜ್ಜಿ."

ಮುದುಕಿ ಗಾರ್ತ್ ಕಡೆ ತಿರುಗಿದಳು. ಬೈಯುತ್ತಾಳೆಂದು ಎಲ್ಲರೂ ಕಾದರು. ಅವಳು ಬೈಯಲಿಲ್ಲ, ಅಲ್ಲೇ ಗೋಡೆಗೆ ಒರಗಿ, ಮುಖ ಮುಚ್ಚಿಕೊಂಡು, ನಾಚಿಕೆಯಿಂದೆಂಬಂತೆ ಅತ್ತುಬಿಟ್ಟಳು. ಗಾರ್ತ್ ಟೋಪಿ ತಿರುಗಿಸುವುದು ನಿಲ್ಲಿಸಿ ಮೆಟ್ಟಿಲಿಳಿದು ಹೋದ.

ಜುಲೈನಲ್ಲಿ, ಬಂದ ಕಂತಿನ ಹಣದಿಂದ ಇಲೋನಾಳ ಮನೆಗೆ ಛಾವಣಿಯಾಯಿತು. ಲೊರೇನ್ ಟ್ರಸ್ಟಿ ಕೆಲಸಕ್ಕೆ ರಾಜೀನಾಮೆ ಬರೆದು, ಮೂರು ವಾರ ಚೀಲದಲ್ಲಿಟ್ಟುಕೊಂಡು ಓಡಾಡಿ, ಕೊನೆಗೆ ಕಳಿಸಿಯೇಬಿಟ್ಟಳು.